ಅರವತ್ತನಾಲ್ಕು ಒಂದುಗಳು: 18446744073709551615ರ ಒಳಗೆ ಏನಿದೆ?

ಪ್ರಶ್ನೆ: ನಾನು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕೆಲವು ದಿನಗಳ ಹಿಂದೆ ನಮ್ಮ ಪ್ರೋಗ್ರಾಮಿನ ಒಂದು ಎಣಿಕೆಯ ಜಾಗದಲ್ಲಿ ಇದ್ದಕ್ಕಿದ್ದಂತೆ 18446744073709551615 ಎಂದು ಕಾಣಿಸಿಕೊಂಡಿತು. ಸೊನ್ನೆಯಿಂದ ಒಂದನ್ನು ಕಳೆದದ್ದೇ ಕಾರಣ ಎಂದು ತಿಳಿದು ಸರಿಪಡಿಸಿದೆವು. ಮನೆಗೆ ಬಂದು ದ್ವಿತೀಯ ಪಿಯುಸಿ ಓದುತ್ತಿರುವ ಮಗಳಿಗೆ ತೋರಿಸಿದಾಗ, ಕೊನೆಯಲ್ಲಿ 5 ಇದೆ, ಆದ್ದರಿಂದ 5ರಿಂದ ಭಾಗವಾಗುತ್ತದೆ, ಅಂಕಿಗಳ ಮೊತ್ತ 87, ಆದ್ದರಿಂದ 3ರಿಂದಲೂ ಭಾಗವಾಗುತ್ತದೆ ಎಂದಳು. ಎರಡನ್ನೂ ತೆಗೆದಾಗ 1229782938247303441 ಉಳಿಯಿತು. ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಇದರ ಉಳಿದ ಅಪವರ್ತನಗಳು ಯಾವುವು, ಅವನ್ನು ಕೈಲೆಕ್ಕದಲ್ಲಿ ಕಂಡುಹಿಡಿಯಬಹುದೇ? ಈ ಸಂಖ್ಯೆಗೆ ಬೇರೆ ವಿಶೇಷ ಗುಣಗಳಿವೆಯೇ? ಈ ಅಪವರ್ತನಗಳಿಂದ ಯಾರಿಗಾದರೂ ಉಪಯೋಗವುಂಟೇ?

ಉತ್ತರ: ಮೊದಲು ನೇರ ಉತ್ತರವನ್ನು ಕೊಟ್ಟುಬಿಡುತ್ತೇನೆ. ಈ ಸಂಖ್ಯೆ ಏಳು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ: 3, 5, 17, 257, 641, 65537 ಮತ್ತು 6700417. ಪ್ರತಿಯೊಂದೂ ಒಮ್ಮೆ ಮಾತ್ರ ಬರುತ್ತದೆ. ಇವಿಷ್ಟನ್ನೂ ಕಾಗದ ಪೆನ್ಸಿಲ್ಲಿನಿಂದಲೇ ಕಂಡುಹಿಡಿಯಬಹುದು, ಅದಕ್ಕೆ ಒಂದು ಸಂಜೆ ಸಾಕು. ನಿಮ್ಮ ಮಗಳು ಹಿಡಿದ ದಾರಿ ಸರಿಯಾದದ್ದೇ. ಆದರೆ ಆಕೆ ಸಂಖ್ಯೆಯ ದಶಮಾನ ಅಂಕಿಗಳನ್ನು ನೋಡುತ್ತಿದ್ದಳು. ಈ ಸಂಖ್ಯೆಯ ಅಪವರ್ತನಗಳ ಸುಳಿವು ಅಂಕಿಗಳಲ್ಲಿ ಇಲ್ಲ, ಅದು ಹುಟ್ಟಿದ ಬಗೆಯಲ್ಲಿದೆ.

ಗಣಕವು ಋಣ ಚಿಹ್ನೆಯಿಲ್ಲದ ಪೂರ್ಣಾಂಕಕ್ಕೆ 64 ಬಿಟ್‌ಗಳ ಜಾಗ ಕೊಟ್ಟಾಗ, ಆ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ ಎಲ್ಲ 64 ಸ್ಥಾನಗಳಲ್ಲೂ 1 ಇರುವ ಸಂಖ್ಯೆ. ದ್ವಿಮಾನದಲ್ಲಿ ಇದು ಅರವತ್ತನಾಲ್ಕು ಒಂದುಗಳ ಸಾಲು. ಅದಕ್ಕೆ ಇನ್ನೊಂದು ಕೂಡಿಸಿದರೆ ಎಲ್ಲವೂ ಸೊನ್ನೆಯಾಗಿ 65ನೇ ಸ್ಥಾನಕ್ಕೆ 1 ಹೋಗಬೇಕು, ಆ ಸ್ಥಾನವೇ ಇಲ್ಲದ್ದರಿಂದ ಸೊನ್ನೆ ಉಳಿಯುತ್ತದೆ. ಅದನ್ನೇ ಹಿಂದುಮುಂದಾಗಿ ಮಾಡಿದ್ದರಿಂದ ನಿಮ್ಮ ಪರದೆಯ ಮೇಲೆ ಸೊನ್ನೆಯಿಂದ ಒಂದು ಕಳೆದಾಗ ಈ ಸಂಖ್ಯೆ ಬಂದಿತು. ಹಾಗಾಗಿ ನಮ್ಮ ಸಂಖ್ಯೆ 2⁶⁴ − 1.

ಇದನ್ನು ನಮ್ಮ ಕ್ರಮದಲ್ಲಿ ಬರೆದರೆ 1,84,46,74,40,73,70,95,51,615. ಓದುವುದಾದರೆ ಒಂದು ಲಕ್ಷ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷ ಐವತ್ತೊಂದು ಸಾವಿರದ ಆರುನೂರ ಹದಿನೈದು. ಇಪ್ಪತ್ತು ಅಂಕಿಗಳು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ 9ನೇ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ಬರೆದ ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಖ್ಯೆಗಳ 24 ಸ್ಥಾನಗಳಿಗೆ ಒಂದೊಂದು ಹೆಸರು ಕೊಟ್ಟಿದ್ದಾನೆ, ಕೊನೆಯದು ಮಹಾಕ್ಷೋಭ. ನಮ್ಮ ಸಂಖ್ಯೆ ಆ ಪಟ್ಟಿಯೊಳಗೆ ಆರಾಮವಾಗಿ ಹಿಡಿಯುತ್ತದೆ.

ಮಹಾವೀರಾಚಾರ್ಯನ ಹೆಸರನ್ನು ತಂದದ್ದು ಸ್ಥಳಾಭಿಮಾನಕ್ಕಾಗಿ ಅಲ್ಲ. ನಿಮ್ಮ ಪ್ರಶ್ನೆಗೆ ಬೇಕಾದ ಕೀಲಿಕೈ ಅವನ ಪುಸ್ತಕದಲ್ಲೇ ಇದೆ. ಗುಣಿಸಿದಾಗ ಹಾರದಂತೆ ಸುಂದರವಾದ ಅಂಕಿಗಳ ಸಾಲು ಬರುವ ಹಲವು ಲೆಕ್ಕಗಳನ್ನು ಅವನು ಕೊಟ್ಟಿದ್ದಾನೆ. ಅವುಗಳಲ್ಲಿ ಒಂದು 152207 × 73. ಉತ್ತರ 11111111, ಎಂಟು ಒಂದುಗಳು. ಈ ಲೆಕ್ಕವನ್ನು ಸ್ವಲ್ಪ ಹೊತ್ತು ಕಣ್ಣಮುಂದೆ ಇಟ್ಟುಕೊಳ್ಳೋಣ, ಏಕೆಂದರೆ ಎಂಟು ಒಂದುಗಳಿಗೆ ಅನ್ವಯಿಸುವ ತರ್ಕವೇ ಅರವತ್ತನಾಲ್ಕು ಒಂದುಗಳಿಗೂ ಅನ್ವಯಿಸುತ್ತದೆ.

11111111ನ್ನು ಎರಡೆರಡು ಅಂಕಿಗಳಾಗಿ ಕತ್ತರಿಸಿದರೆ 11, 11, 11, 11. ಆದ್ದರಿಂದ ಅದು 11ರಿಂದ ಭಾಗವಾಗಲೇಬೇಕು, ಭಾಗಲಬ್ಧ 1010101. ಅದನ್ನು 101ರಿಂದ ಭಾಗಿಸಿದರೆ 10001 ಉಳಿಯುತ್ತದೆ. ಹಾಗಾಗಿ 11111111 = 11 × 101 × 10001. ಸ್ಥಾನಗಳ ಸಂಖ್ಯೆ 2, 4, 8 ಎಂದು ಇಮ್ಮಡಿಯಾಗುತ್ತ ಹೋದಂತೆ 11, 101, 10001 ಎಂಬ ಮೂರು ಅಪವರ್ತನಗಳು ತಾವಾಗಿಯೇ ಸಿಕ್ಕುತ್ತವೆ, ಯಾವ ಶ್ರಮವೂ ಬೇಕಿಲ್ಲ. ಮೊದಲ ಎರಡು ಅವಿಭಾಜ್ಯ. ಮೂರನೆಯದು ನೋಡಲು ಒಡೆಯದಂತೆ ಕಂಡರೂ 73 × 137 ಎಂದು ಒಡೆಯುತ್ತದೆ. ಮಹಾವೀರಾಚಾರ್ಯನ 73 ಬಂದದ್ದು ಅಲ್ಲಿಂದಲೇ. 152207 ಎಂದರೆ 11 × 101 × 137. ಮೊದಲ ಕೆಲವು ಹೆಜ್ಜೆ ಸಲೀಸು, ಕೊನೆಯ ಹೆಜ್ಜೆಯಲ್ಲಿ ಮಾತ್ರ ಒಂದು ಗುಟ್ಟು ಅಡಗಿದೆ: ಈ ರೂಪವನ್ನು ನೆನಪಿಡಿ.

ಈಗ ದ್ವಿಮಾನಕ್ಕೆ ಬರೋಣ. ಅಲ್ಲಿ 11 ಎಂದರೆ 3, 101 ಎಂದರೆ 5, 10001 ಎಂದರೆ 17, 100000001 ಎಂದರೆ 257. ಅರವತ್ತನಾಲ್ಕು ಒಂದುಗಳನ್ನು ಇದೇ ರೀತಿ ಕತ್ತರಿಸುತ್ತ ಹೋದರೆ ಆರು ಅಪವರ್ತನಗಳು ಬರುತ್ತವೆ. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಇದು ವರ್ಗಗಳ ವ್ಯತ್ಯಾಸದ ನಿತ್ಯಸಮೀಕರಣವನ್ನು ಮತ್ತೆ ಮತ್ತೆ ಬಳಸುವುದು: 2⁶⁴ − 1 = (2³² + 1)(2³² − 1), ಅದರಲ್ಲಿ 2³² − 1 = (2¹⁶ + 1)(2¹⁶ − 1), ಹೀಗೆ ಇಳಿಯುತ್ತ ಕೊನೆಗೆ 2 − 1 = 1 ತಲುಪುವವರೆಗೆ. 64 ಎನ್ನುವುದು 2ರ ಘಾತವಾದ್ದರಿಂದ ಈ ಇಳಿತ ನಡುವೆ ಎಲ್ಲೂ ನಿಲ್ಲುವುದಿಲ್ಲ. ಸಿಗುವುದು 3 × 5 × 17 × 257 × 65537 × 4294967297.

ನಿಮ್ಮ ಮನೆಯಲ್ಲಿ ಉಳಿದಿದ್ದ 1229782938247303441ನ್ನು ಈಗ ಮತ್ತೆ ನೋಡಿ. ದಶಮಾನದಲ್ಲಿ ಅದಕ್ಕೆ ತಲೆಬುಡವಿಲ್ಲ. ಹದಿನಾರರ ಪದ್ಧತಿಯಲ್ಲಿ, ಎಂದರೆ ನಿಮ್ಮ ವೃತ್ತಿಯವರು ಹೆಕ್ಸ್ ಎಂದು ಕರೆಯುವ ಬರಹದಲ್ಲಿ, ಅದು ಹದಿನಾರು ಒಂದುಗಳು: 1111111111111111. ಹಾಗಾಗಿ ಅದೇ ಬರಹದ 11ರಿಂದ, ಎಂದರೆ 17ರಿಂದ, ಅದು ಭಾಗವಾಗಲೇಬೇಕು, ಭಾಗಲಬ್ಧ 72340172838076673. ಅದನ್ನು 257ರಿಂದ ಭಾಗಿಸಿದರೆ 281479271743489, ಅದನ್ನು 65537ರಿಂದ ಭಾಗಿಸಿದರೆ 4294967297. ಮಗಳು ಈ ಮೂರು ಭಾಗಾಕಾರಗಳನ್ನು ಕೈಯಲ್ಲೇ ಮಾಡಲಿ ಎಂದು ನನ್ನ ಆಸೆ. ಪ್ರತಿ ಸಲವೂ ಶೇಷ ಸೊನ್ನೆಯಾಗುವುದನ್ನು ಸ್ವತಃ ಕಂಡಾಗ ಆಗುವ ಖಾತ್ರಿಯೇ ಬೇರೆ.

ಉಳಿದದ್ದು 4294967297, ಎಂದರೆ 2³² + 1. ಈ ಸಂಖ್ಯೆಗೆ ಗಣಿತದ ಇತಿಹಾಸದಲ್ಲಿ ದೊಡ್ಡ ಸ್ಥಾನವಿದೆ. 2ನ್ನು 1, 2, 4, 8, 16, 32 ಮುಂತಾದ ಘಾತಗಳಿಗೆ ಏರಿಸಿ 1 ಕೂಡಿಸಿದರೆ ಬರುವ ಸಂಖ್ಯೆಗಳಿಗೆ ಫರ್ಮಾ ಸಂಖ್ಯೆಗಳೆಂದು ಹೆಸರು. ಫ್ರಾನ್ಸಿನ ಪಿಯೆರ್ ದ ಫರ್ಮಾ 1640ರ ಸುಮಾರಿನ ಪತ್ರಗಳಲ್ಲಿ ಇವೆಲ್ಲವೂ ಅವಿಭಾಜ್ಯವೆಂಬ ತನ್ನ ನಂಬಿಕೆಯನ್ನು ಬರೆದಿದ್ದ. 3, 5, 17, 257, 65537 ಈ ಐದೂ ನಿಜಕ್ಕೂ ಅವಿಭಾಜ್ಯ. ಆರನೆಯದರ ವಿಷಯದಲ್ಲಿ ಅವನ ನಂಬಿಕೆ ಸುಮಾರು ತೊಂಬತ್ತು ವರ್ಷ ಹಾಗೆಯೇ ಉಳಿಯಿತು. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಅದು 641ರಿಂದ ಭಾಗವಾಗುತ್ತದೆಂದು ತೋರಿಸಿದ. 10001ರಲ್ಲಿ 73 ಅಡಗಿದ್ದಂತೆ ಇಲ್ಲಿ 641.

ಆಯ್ಲರ್ 641ಕ್ಕೆ ಕುರುಡಾಗಿ ಹುಡುಕುತ್ತ ಬಂದನೆಂದು ತಿಳಿಯಬಾರದು. ಅವನು ಬಳಸಿದ ವಿಚಾರ ಪಿಯುಸಿ ವಿದ್ಯಾರ್ಥಿನಿಯ ಕೈಗೆ ನಿಲುಕುವಂಥದ್ದೇ. ಒಂದು ಅವಿಭಾಜ್ಯ ಸಂಖ್ಯೆ 2³² + 1ನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಆಗ ಆ ಸಂಖ್ಯೆಯಿಂದ ಭಾಗಿಸಿದಾಗ 2³²ರ ಶೇಷ −1ಕ್ಕೆ ಸಮ, ಆದ್ದರಿಂದ ಅದರ ವರ್ಗವಾದ 2⁶⁴ರ ಶೇಷ 1. ಎಂದರೆ 2ರ ಘಾತಗಳ ಶೇಷಗಳನ್ನು ಒಂದೊಂದಾಗಿ ಬರೆಯುತ್ತ ಹೋದರೆ ಅವು ಸರಿಯಾಗಿ 64 ಹೆಜ್ಜೆಗೊಮ್ಮೆ ಮೊದಲಿಗೆ ಮರಳುತ್ತವೆ, ಅದಕ್ಕಿಂತ ಬೇಗ ಮರಳುವುದಿಲ್ಲ. ಆದರೆ ಫರ್ಮಾನೇ ಕೊಟ್ಟ ಇನ್ನೊಂದು ಪ್ರಮೇಯದ ಪ್ರಕಾರ, ಆ ಅವಿಭಾಜ್ಯ ಸಂಖ್ಯೆಗಿಂತ ಒಂದು ಕಡಿಮೆ ಹೆಜ್ಜೆಗಳಲ್ಲಿ ಈ ಶೇಷಗಳು ಖಂಡಿತ 1ಕ್ಕೆ ಮರಳಿರಬೇಕು. ಎರಡೂ ಒಟ್ಟಿಗೆ ನಿಜವಾಗಬೇಕಾದರೆ ನಮ್ಮ ಭಾಜಕವು 64ರ ಯಾವುದಾದರೂ ಗುಣಕಕ್ಕಿಂತ ಒಂದು ಹೆಚ್ಚಾಗಿರಲೇಬೇಕು: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯವಾದವು ಐದೇ ಐದು, ಐದನೆಯದೇ 641. 1878ರಲ್ಲಿ ಎದುವಾರ್ ಲ್ಯೂಕಾ ಈ ನಿಯಮವನ್ನು ಇನ್ನೂ ಬಿಗಿಗೊಳಿಸಿ 64ರ ಬದಲು 128ರ ಗುಣಕವನ್ನೇ ತೆಗೆದುಕೊಳ್ಳಬಹುದೆಂದು ತೋರಿಸಿದ. ಆಗ 641ರವರೆಗೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು 257 ಮತ್ತು 641 ಎರಡು ಮಾತ್ರ.

641 ನಿಜಕ್ಕೂ ಭಾಗಿಸುತ್ತದೆಂದು ತೋರಿಸಲು ಭಾಗಾಕಾರವನ್ನೂ ಮಾಡಬೇಕಿಲ್ಲ. 641ನ್ನು ಎರಡು ಬಗೆಯಲ್ಲಿ ಬರೆಯಿರಿ: ಒಂದು, 5 × 2⁷ + 1, ಎಂದರೆ 640 + 1, ಇನ್ನೊಂದು, 5⁴ + 2⁴, ಎಂದರೆ 625 + 16. ಮೊದಲನೆಯದು ಹೇಳುವುದು, 641ರಿಂದ ಭಾಗಿಸಿದಾಗ 5 × 2⁷ಕ್ಕೂ −1ಕ್ಕೂ ವ್ಯತ್ಯಾಸವಿಲ್ಲ ಎಂದು. ಎರಡನ್ನೂ ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ಕ್ಕೂ 1ಕ್ಕೂ ವ್ಯತ್ಯಾಸವಿಲ್ಲ. ಎರಡನೆಯದು ಹೇಳುವುದು, 5⁴ರ ಬದಲು −2⁴ ಎಂದು ಬರೆಯಬಹುದು ಎಂದು. ಹಾಗೆ ಬರೆದರೆ −2⁴ × 2²⁸, ಎಂದರೆ −2³², 1ಕ್ಕೆ ಸಮ. ಎಂದರೆ 2³² + 1ನ್ನು 641ರಿಂದ ಭಾಗಿಸಿದಾಗ ಶೇಷ ಸೊನ್ನೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ಸಂಖ್ಯೆಯ ಗುಟ್ಟು ಬಿಚ್ಚಿಕೊಳ್ಳುವುದನ್ನು ನಾನು ತರಗತಿಯಲ್ಲಿ ಪ್ರತಿ ಸಲ ಬರೆದಾಗಲೂ ಹೊಸದಾಗಿ ಸಂತೋಷಪಡುತ್ತೇನೆ.

ಭಾಗಲಬ್ಧ 6700417. ಇದು ಅವಿಭಾಜ್ಯವೆಂದು ಹೇಗೆ ನಂಬುವುದು? ಸಾಮಾನ್ಯ ಕ್ರಮದಲ್ಲಿ ಅದರ ವರ್ಗಮೂಲದವರೆಗೆ, ಎಂದರೆ 2588ರವರೆಗೆ, ಇರುವ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅವು ಮುನ್ನೂರಕ್ಕೂ ಹೆಚ್ಚು. ಆದರೆ 6700417ರ ಭಾಜಕ ಯಾವುದೇ ಇದ್ದರೂ ಅದು 2³² + 1ರ ಭಾಜಕವೂ ಹೌದು, ಆದ್ದರಿಂದ ಲ್ಯೂಕಾನ ನಿಯಮ ಅದಕ್ಕೂ ಅನ್ವಯಿಸುತ್ತದೆ. 128ರ ಗುಣಕಕ್ಕಿಂತ ಒಂದು ಹೆಚ್ಚಾಗಿರುವ ಅವಿಭಾಜ್ಯಗಳು 2588ರೊಳಗೆ ಐದೇ: 257, 641, 769, 1153, 1409. ಇವುಗಳಿಂದ 6700417ನ್ನು ಭಾಗಿಸಿದಾಗ ಬರುವ ಶೇಷಗಳು ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆಯಲ್ಲ. ಐದು ಭಾಗಾಕಾರಗಳಲ್ಲಿ ವಿಷಯ ಇತ್ಯರ್ಥವಾಯಿತು. ಮುನ್ನೂರು ಪರೀಕ್ಷೆಗಳನ್ನು ಐದಕ್ಕೆ ಇಳಿಸುವುದು ಸಣ್ಣ ಉಳಿತಾಯವಲ್ಲ, ಮತ್ತು ಸಿದ್ಧಾಂತವೊಂದು ಕೈಲೆಕ್ಕಕ್ಕೆ ಹೇಗೆ ನೆರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿದ್ಯಾರ್ಥಿಗಳ ಮುಂದೆ ಇಡಲು ನನಗೆ ಸಿಕ್ಕಿಲ್ಲ.

ಅಪವರ್ತನಗಳು ಕೈಗೆ ಬಂದ ಮೇಲೆ ಉಳಿದ ಗುಣಗಳು ಬೇಗ ಬೇಗ ಹೊರಬರುತ್ತವೆ. ಏಳು ಬೇರೆ ಬೇರೆ ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಆದ್ದರಿಂದ ಭಾಜಕಗಳ ಸಂಖ್ಯೆ 2⁷, ಎಂದರೆ 128. ಅವು 64 ಜೋಡಿಗಳಾಗಿ ನಿಲ್ಲುತ್ತವೆ. ಪ್ರತಿ ಜೋಡಿಯ ಎರಡೂ ಸಂಖ್ಯೆಗಳು ಬೆಸವಾದ್ದರಿಂದ ಪ್ರತಿ ಜೋಡಿಯೂ ನಮ್ಮ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವ ಒಂದು ಬಗೆಯನ್ನು ಕೊಡುತ್ತದೆ. ಹೀಗಾಗಿ 2⁶⁴ − 1ನ್ನು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಸರಿಯಾಗಿ 64 ದಾರಿಗಳಿವೆ. ಇದು ಕಾಕತಾಳೀಯವೇ ಸರಿ. 2³² + 1 ಎರಡು ತುಂಡಾಗಿ ಒಡೆಯದೆ ಇದ್ದಿದ್ದರೆ 32 ದಾರಿಗಳು ಮಾತ್ರ ಇರುತ್ತಿದ್ದವು.

ವ್ಯತ್ಯಾಸವಾಗಿ ಬರೆಯುವುದು ಇಷ್ಟು ಸುಲಭವಾದರೂ ವರ್ಗಗಳ ಮೊತ್ತವಾಗಿ ಬರೆಯುವ ವಿಷಯದಲ್ಲಿ ಈ ಸಂಖ್ಯೆ ತೀರ ಹಟಮಾರಿ. ಇದನ್ನು 4ರಿಂದ ಭಾಗಿಸಿದರೆ ಶೇಷ 3, ಆದ್ದರಿಂದ ಎರಡು ವರ್ಗಗಳ ಮೊತ್ತವಾಗದು. 8ರಿಂದ ಭಾಗಿಸಿದರೆ ಶೇಷ 7, ಆದ್ದರಿಂದ ಮೂರು ವರ್ಗಗಳ ಮೊತ್ತವೂ ಆಗದು. ಯಾವ ಧನ ಪೂರ್ಣಾಂಕಕ್ಕೂ ನಾಲ್ಕು ವರ್ಗಗಳು ಸಾಕೆಂದು ಲಗ್ರಾಂಜ್ 1770ರಲ್ಲಿ ಸಾಧಿಸಿದ್ದಾನೆ. ನಮ್ಮ ಸಂಖ್ಯೆಗೆ ಆ ನಾಲ್ಕೂ ಬೇಕೇ ಬೇಕು.

ಇನ್ನು ಇದು ತ್ರಿಭುಜ ಸಂಖ್ಯೆಯೇ, ಎಂದರೆ 1 + 2 + 3 + … ಎಂಬ ಮೊತ್ತಗಳಲ್ಲಿ ಒಂದೇ? ಹಾಗಾಗಬೇಕಾದರೆ ಇದನ್ನು 8ರಿಂದ ಗುಣಿಸಿ 1 ಕೂಡಿಸಿದಾಗ ಪೂರ್ಣವರ್ಗ ಸಿಗಬೇಕು. ಸಿಗುವುದು 2⁶⁷ − 7. ಇಲ್ಲಿ ಪ್ರಶ್ನೆ ನೇರವಾಗಿ ಶ್ರೀನಿವಾಸ ರಾಮಾನುಜನ್ ಅವರ ಬಳಿ ಹೋಗುತ್ತದೆ. 2ರ ಘಾತದಿಂದ 7 ಕಳೆದಾಗ ಪೂರ್ಣವರ್ಗ ಬರುವುದು ಘಾತವು 3, 4, 5, 7 ಮತ್ತು 15 ಆದಾಗ. ಬೇರೆ ಉತ್ತರಗಳುಂಟೇ ಎಂದು ಅವರು 1913ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಕೇಳಿದ್ದರು. ಬೇರೆ ಉತ್ತರವಿಲ್ಲವೆಂದು ನಾರ್ವೆಯ ಟ್ರಿಗ್ವೆ ನಾಗೆಲ್ 1948ರಲ್ಲಿ ಸಾಧಿಸಿದರು. 67 ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ನಮ್ಮ ಸಂಖ್ಯೆ ತ್ರಿಭುಜ ಸಂಖ್ಯೆಯಲ್ಲ. ಬರೀ ಒಂದುಗಳಿಂದಾದ ದ್ವಿಮಾನ ಸಂಖ್ಯೆಗಳಲ್ಲಿ ತ್ರಿಭುಜ ಸಂಖ್ಯೆಗಳಾಗಿರುವುದು 1, 3, 15, 4095 ನಾಲ್ಕೇ.

ಕೈವಾರ ಮತ್ತು ಗುರುತುಗಳಿಲ್ಲದ ನೇರಪಟ್ಟಿಯ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಎರಡು ಉಪಕರಣಗಳಿಂದಲೇ 17 ಬಾಹುಗಳ ನಿಯಮಿತ ಬಹುಭುಜವನ್ನು ರಚಿಸಬಹುದೆಂದು ಗೌಸ್ 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ವಯಸ್ಸಿನಲ್ಲಿ, ಕಂಡುಕೊಂಡ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿದ್ದಾಗ ರಚನೆ ಸಾಧ್ಯ. ಇಲ್ಲವಾದರೆ ಸಾಧ್ಯವಿಲ್ಲವೆಂಬುದನ್ನು ವಾಂಟ್ಸೆಲ್ 1837ರಲ್ಲಿ ಸಾಧಿಸಿದ. ಇಂದಿಗೂ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಐದೇ, ಅವುಗಳ ಗುಣಲಬ್ಧ 2³² − 1, ಎಂದರೆ 4294967295. ಬೆಸ ಬಾಹುಗಳ ನಿಯಮಿತ ಬಹುಭುಜಗಳಲ್ಲಿ ರಚಿಸಬಹುದೆಂದು ಗೊತ್ತಿರುವ ಅತಿ ದೊಡ್ಡದು ಅಷ್ಟು ಬಾಹುಗಳದ್ದು. ನಮ್ಮ ಸಂಖ್ಯೆ ಇದರ ಮುಂದಿನ ಮೆಟ್ಟಿಲು, ಮತ್ತು ಆ ಸರಪಳಿ ಕಡಿಯುವುದು ಇಲ್ಲೇ. 641 ಅವಿಭಾಜ್ಯವಾದರೂ ಫರ್ಮಾ ಸಂಖ್ಯೆಯಲ್ಲ, ಆದ್ದರಿಂದ 2⁶⁴ − 1 ಬಾಹುಗಳ ಬಹುಭುಜ ಆ ಉಪಕರಣಗಳಿಗೆ ದಕ್ಕುವುದಿಲ್ಲ. ಆಯ್ಲರನ ಒಂದು ಭಾಗಾಕಾರ ರೇಖಾಗಣಿತದಲ್ಲಿ ಹೀಗೆ ಗಡಿಗೆರೆ ಎಳೆಯುತ್ತದೆ.

ನೆರೆಹೊರೆಯ ಸಂಖ್ಯೆಗಳನ್ನೂ ನೋಡಿಬಿಡೋಣ. ನಮ್ಮ ಸಂಖ್ಯೆಗೆ 2 ಕೂಡಿಸಿದರೆ ಮುಂದಿನ ಫರ್ಮಾ ಸಂಖ್ಯೆ 18446744073709551617. ಅದು 274177 × 67280421310721. ಈ ಅಪವರ್ತನಗಳನ್ನು ಕ್ಲಾಸೆನ್ 1855ರಲ್ಲಿ ಗೌಸ್‌ಗೆ ಬರೆದ ಪತ್ರದಲ್ಲಿ ತಿಳಿಸಿದ್ದ, ಲ್ಯಾಂಡ್ರಿ 1880ರಲ್ಲಿ ಮತ್ತೆ ಕಂಡುಹಿಡಿದು ಪ್ರಕಟಿಸಿದ. ಕೆಳಗೆ 58 ಹೆಜ್ಜೆ ಇಳಿದರೆ 18446744073709551557 ಸಿಗುತ್ತದೆ: ಇದು 64 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ.

ಗಣಕ ಬರುವ ಎಷ್ಟೋ ಮೊದಲೇ ಈ ಸಂಖ್ಯೆ ಜನರಿಗೆ ಗೊತ್ತಿತ್ತು. ಚದುರಂಗದ ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಅದರ ಮುಂದಿನದಕ್ಕೆ ನಾಲ್ಕು ಎಂದು ಇಮ್ಮಡಿಸುತ್ತ 64 ಮನೆಗಳನ್ನೂ ತುಂಬಿಸಲು ರಾಜನನ್ನು ಬೇಡಿದ ಜಾಣನ ಕಥೆಯಲ್ಲಿ ಒಟ್ಟು ಕಾಳುಗಳು ಇಷ್ಟೇ. ಸುಮಾರು ಕ್ರಿ.ಶ. 1000ದಲ್ಲಿ ಅಲ್‌ಬೆರೂನಿ ಇದರ ಇಪ್ಪತ್ತೂ ಅಂಕಿಗಳನ್ನು ಸರಿಯಾಗಿ ಬರೆದಿದ್ದಾನೆ. ಒಂದು ಅಕ್ಕಿ ಕಾಳಿನ ತೂಕವನ್ನು 25 ಮಿಲಿಗ್ರಾಂ ಎಂದು ಹಿಡಿದರೆ ಒಟ್ಟು 46,000 ಕೋಟಿ ಟನ್ ಆಗುತ್ತದೆ. ಇಡೀ ಜಗತ್ತು ಇಂದು ಬೆಳೆಯುವ ಪ್ರಮಾಣದಲ್ಲೇ ಬೆಳೆದರೂ ಎಂಟುನೂರಕ್ಕೂ ಹೆಚ್ಚು ವರ್ಷಗಳ ಅಕ್ಕಿ. ಘನ ಮೀಟರಿಗೆ 800 ಕಿಲೋ ಎಂದು ಲೆಕ್ಕ ಹಾಕಿ, ಬೆಂಗಳೂರು ನಗರದ ವಿಸ್ತೀರ್ಣವನ್ನು 740 ಚದರ ಕಿಲೋಮೀಟರ್ ಎಂದು ಇಟ್ಟುಕೊಂಡು, ಊರ ತುಂಬ ಈ ಅಕ್ಕಿಯನ್ನು ಸಮವಾಗಿ ಹರಡಿದರೆ ಸುಮಾರು 780 ಮೀಟರ್ ಎತ್ತರ ನಿಲ್ಲುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿಬೆಟ್ಟದ ತುದಿ 1,478 ಮೀಟರ್. ಎಂದರೆ ಅಕ್ಕಿಯ ಮೇಲ್ಮೈ ನಂದಿಬೆಟ್ಟದ ತುದಿಗಿಂತಲೂ 200 ಮೀಟರಿಗೂ ಹೆಚ್ಚು ಮೇಲೆ ಇರುತ್ತದೆ.

ಮೇಲೆ ಹೆಸರಿಸಿದ ಲ್ಯೂಕಾನೇ 1883ರಲ್ಲಿ ಹನೋಯ್ ಗೋಪುರವೆಂಬ ಆಟವನ್ನು ಹೊರತಂದ. ಕಾಶಿಯ ದೇಗುಲವೊಂದರಲ್ಲಿ 64 ಚಿನ್ನದ ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸಲಾಗುತ್ತಿದೆ ಎಂಬುದು ಅದರೊಂದಿಗೆ ಹೆಣೆದ ಕಲ್ಪಿತ ಕಥೆ. ಇರುವುದು ಮೂರೇ ಕಂಬ, ಒಂದು ಸಲಕ್ಕೆ ಒಂದೇ ಬಿಲ್ಲೆ, ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ ಎಂಬ ನಿಯಮದಂತೆ ಬೇಕಾಗುವ ಕನಿಷ್ಠ ನಡೆಗಳು ಮತ್ತೆ 2⁶⁴ − 1. ಸೆಕೆಂಡಿಗೊಂದು ನಡೆಯಂತೆ ಸುಮಾರು 58,000 ಕೋಟಿ ವರ್ಷ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ.

ಇಷ್ಟು ದೊಡ್ಡ ಘಾತವನ್ನು 63 ಸಲ ಇಮ್ಮಡಿಸದೆ ಪಡೆಯುವ ಉಪಾಯವೂ ನಮ್ಮಲ್ಲಿ ಹಳೆಯದೇ. ಲಘು ಗುರುಗಳ ಪ್ರಸ್ತಾರದಲ್ಲಿ ಒಟ್ಟು ಎಷ್ಟು ಬಗೆಗಳಿವೆ ಎಂದು ಎಣಿಸಲು ಪಿಂಗಳ ತನ್ನ ಛಂದಃಸೂತ್ರಗಳಲ್ಲಿ ಒಂದು ಕ್ರಮ ಕೊಟ್ಟಿದ್ದಾನೆ. ಅಕ್ಷರಗಳ ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಿ, ಬೆಸವಾಗಿದ್ದರೆ ಒಂದು ಕಳೆಯಿರಿ, ಸೊನ್ನೆಯಾಗುವವರೆಗೆ ಹೀಗೆಯೇ ಇಳಿಯಿರಿ. ಅನಂತರ ಹಿಂದಿರುಗಿ ಬರುವಾಗ ಒಂದು ಕಳೆದ ಕಡೆ ಇಮ್ಮಡಿಸಿ, ಅರ್ಧ ಮಾಡಿದ ಕಡೆ ವರ್ಗ ಮಾಡಿ. 64ಕ್ಕೆ ಇದನ್ನು ಹಚ್ಚಿದರೆ ಒಂದೇ ಇಮ್ಮಡಿ, ಆರು ವರ್ಗಗಳು: 2, 4, 16, 256, 65536, 4294967296, ಕೊನೆಗೆ 18446744073709551616. ಈ ಸಾಲಿನ ಕೊನೆಯದನ್ನು ಬಿಟ್ಟು ಉಳಿದ ಪ್ರತಿಯೊಂದಕ್ಕೂ ಒಂದು ಕೂಡಿಸಿ ನೋಡಿ: 3, 5, 17, 257, 65537, 4294967297. ನಮ್ಮ ಆರು ಅಪವರ್ತನಗಳು ಇವೇ. ಸಂಖ್ಯೆಯನ್ನು ಕಟ್ಟುವ ಮೆಟ್ಟಿಲುಗಳೂ ಅದನ್ನು ಒಡೆಯುವ ಮೆಟ್ಟಿಲುಗಳೂ ಒಂದೇ ಎನ್ನುವುದು ನನ್ನ ಮಟ್ಟಿಗೆ ಈ ಸಂಖ್ಯೆಯ ಅತ್ಯಂತ ಸುಂದರವಾದ ಗುಣ.

ಕೊನೆಯದಾಗಿ, ಈ ಅಪವರ್ತನಗಳು ಯಾರಿಗೆ ಬೇಕು ಎಂಬ ಪ್ರಶ್ನೆ. ನಿಮ್ಮ ವೃತ್ತಿಯವರಿಗೇ ಬೇಕು. ಗಣಕದಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಬೇಗ ಉತ್ಪಾದಿಸುವ ಒಂದು ವರ್ಗದ ವಿಧಾನಗಳು, ಉದಾಹರಣೆಗೆ ಜಾರ್ಜ್ ಮಾರ್ಸಾಗ್ಲಿಯಾ 2003ರಲ್ಲಿ ಪ್ರಕಟಿಸಿದ ಎಕ್ಸಾರ್‌ಶಿಫ್ಟ್, 64 ಬಿಟ್‌ಗಳ ಒಂದು ಸ್ಥಿತಿಯನ್ನು ಸರಿಸಿ, ಅದರೊಂದಿಗೇ ಬೆರೆಸಿ, ಮುಂದಿನ ಸ್ಥಿತಿಯನ್ನು ಪಡೆಯುತ್ತವೆ. ಎಲ್ಲವೂ ಸೊನ್ನೆಯಾಗಿರುವ ಸ್ಥಿತಿಯನ್ನು ಬಿಟ್ಟರೆ ಇರುವ ಸ್ಥಿತಿಗಳು 2⁶⁴ − 1. ಒಳ್ಳೆಯ ವಿಧಾನವೆಂದರೆ ಇವೆಲ್ಲವನ್ನೂ ಒಂದೊಂದು ಸಲ ಮುಟ್ಟಿಯೇ ಮೊದಲಿನ ಜಾಗಕ್ಕೆ ಮರಳುವಂಥದ್ದು. ನಡುವೆ ಎಲ್ಲೋ ಬೇಗ ಮರಳಿಬಿಟ್ಟರೆ ಅದೇ ಸಂಖ್ಯೆಗಳು ಮತ್ತೆ ಮತ್ತೆ ಬರುತ್ತವೆ. ಹಾಗೆ ಮರಳುವುದಿಲ್ಲವೆಂದು ಖಚಿತಪಡಿಸಲು ಒಂದೊಂದೇ ಹೆಜ್ಜೆ ನಡೆದು ನೋಡುವುದು, ಸೆಕೆಂಡಿಗೆ ನೂರು ಕೋಟಿ ಹೆಜ್ಜೆಯಿಟ್ಟರೂ, ಐನೂರಕ್ಕೂ ಹೆಚ್ಚು ವರ್ಷಗಳ ಕೆಲಸ. ಇಲ್ಲಿ ಏಳು ಅವಿಭಾಜ್ಯಗಳು ಕೈಹಿಡಿಯುತ್ತವೆ. 2⁶⁴ − 1 ಹೆಜ್ಜೆಗಳಲ್ಲಿ ಎಲ್ಲ ಸ್ಥಿತಿಗಳೂ ಮೊದಲಿಗೆ ಮರಳುತ್ತವೆಂದು ಒಮ್ಮೆ ನೋಡಿಕೊಂಡು, ಆ ಸಂಖ್ಯೆಯನ್ನು 3, 5, 17, 257, 641, 65537 ಮತ್ತು 6700417ರಿಂದ ಬೇರೆ ಬೇರೆಯಾಗಿ ಭಾಗಿಸಿ ಬರುವ ಏಳು ಹೆಜ್ಜೆಗಳ ಎಣಿಕೆಗಳಲ್ಲಿ ಹಾಗೆ ಮರಳುವುದಿಲ್ಲವೆಂದು ನೋಡಿದರೆ ಸಾಕು. ಅಷ್ಟು ದೂರದ ಹೆಜ್ಜೆಗೆ ಒಮ್ಮೆಲೇ ಜಿಗಿಯಲು ಬಳಸುವುದು ಮೇಲೆ ಹೇಳಿದ ವರ್ಗ ಮಾಡುವ ಕ್ರಮವನ್ನೇ, ಆದ್ದರಿಂದ ಎಂಟು ಪರೀಕ್ಷೆಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. 641 ಅಥವಾ 6700417 ಗೊತ್ತಿಲ್ಲದೆ ಹೋಗಿದ್ದರೆ ಈ ಪರೀಕ್ಷೆ ಪೂರ್ಣವಾಗುತ್ತಿರಲಿಲ್ಲ.